ಪ್ಯಾಂಟು ನಿಲ್ಲುವ ಜಾಗ

ಮಂಗಳಾರತಿಯ ತಟ್ಟೆ ಮುಂದೆ ಬಂದಾಗ ನನ್ನ ಎರಡೂ ಕೈಗಳು ಪ್ಯಾಂಟಿನ ಮೇಲಿದ್ದವು. ಚರ್ಮದ ಬೆಲ್ಟು ಒಳಗೆ ತರಬಾರದೆಂದು ಬಾಗಿಲಲ್ಲೇ ಬಿಚ್ಚಿಸಿದ್ದರು. ಬಿಚ್ಚಿಕೊಡುವಾಗ ಅದೊಂದು ಅಲಂಕಾರದ ವಸ್ತು ಎಂಬಂತೆ ನಾನೂ ಉದಾರವಾಗಿ ಕೊಟ್ಟಿದ್ದೆ. ಗರ್ಭಗುಡಿಯ ಮುಂದೆ ಕೈ ಮುಗಿಯಲು ಹೋದಾಗಲೇ ತಿಳಿದದ್ದು, ಆರು ತಿಂಗಳಿಂದ ನನ್ನ ಮಾನ ಕಾಯುತ್ತಿದ್ದುದು ಅದೊಂದೇ ಎಂದು. ಬಲಗೈ ಬಿಟ್ಟರೆ ಬಲಗಡೆ ಇಳಿಯುತ್ತದೆ, ಎಡಗೈ ಬಿಟ್ಟರೆ ಎಡಗಡೆ. ಅರ್ಚಕರು ತಟ್ಟೆ ಹಿಡಿದು ಕಾದರು. ಕೊನೆಗೆ ಹೆಂಡತಿಯೇ ಆರತಿ ತೆಗೆದುಕೊಂಡು, ಅದೇ ಅಂಗೈಯನ್ನು ನನ್ನ ಕಣ್ಣಿಗೂ ಒತ್ತಿದಳು. ಹಿಂದೆ ನಿಂತಿದ್ದ ಅಜ್ಜಿಯೊಬ್ಬರು, ‘ಎಷ್ಟು ಅನ್ಯೋನ್ಯವಾಗಿದ್ದಾರೆ ನೋಡಿ’ ಎಂದು ಪಕ್ಕದವರಿಗೆ ತೋರಿಸಿದರು.

ತೂಕ ಇಳಿಸಿದ್ದು ಶೋಕಿಗಲ್ಲ. ವರ್ಷದ ಹಿಂದೆ ರಕ್ತಪರೀಕ್ಷೆಯ ಚೀಟಿ ನೋಡಿದ ಡಾಕ್ಟರು, ‘ಸೊಂಟದ ಸುತ್ತಳತೆ ಎಷ್ಟು?’ ಎಂದು ಕೇಳಿದರು. ಮನೆಯ ವಿಳಾಸ ಹೇಳುವಷ್ಟು ಖಚಿತವಾಗಿ ‘38’ ಎಂದೆ. ಅವರು ಮೇಜಿನ ಖಾನೆಯಿಂದ ಟೇಪು ತೆಗೆದು, ಪಕ್ಕೆಲುಬು ಮುಗಿಯುವಲ್ಲಿಗೂ ಸೊಂಟದ ಮೂಳೆ ಶುರುವಾಗುವಲ್ಲಿಗೂ ನಡುವೆ ಸುತ್ತಿ, ‘104 ಸೆಂಟಿಮೀಟರ್’ ಎಂದರು. ಅಂದರೆ ಸುಮಾರು 41 ಇಂಚು. ಭಾರತದ ಗಂಡಸರಿಗೆ 90 ಸೆಂಟಿಮೀಟರ್ ಮೇರೆಯಂತೆ. ಮೇರೆ ದಾಟಿದ್ದಕ್ಕಿಂತ ನನ್ನನ್ನು ಕಾಡಿದ್ದು ಆ ಮೂರು ಇಂಚು. ಅಷ್ಟು ದಿನ ಅದು ಎಲ್ಲಿ ಅಡಗಿತ್ತು?

ಅಡಗಿರಲಿಲ್ಲ, ಎದುರಿಗೇ ಇತ್ತು. ಮಳೆ ಬಂದಾಗ ಸಜ್ಜದ ಕೆಳಗೆ ಸರಿದು ನಿಲ್ಲುವವರ ಹಾಗೆ, ಹೊಟ್ಟೆ ಬಂದಂತೆಲ್ಲ ನನ್ನ ಪ್ಯಾಂಟು ಅದರ ಕೆಳಕ್ಕೆ ಸರಿಯುತ್ತ ಹೋಗಿತ್ತು. 38 ಎಂಬುದು ಆ ನೆರಳಿನ ಜಾಗದ ಅಳತೆ. ಇನ್ನು ಸಿದ್ಧ ಉಡುಪಿನ ಚೀಟಿಯ ಮೇಲಿನ ಸಂಖ್ಯೆಯಂತೂ ಮುಲಾಜಿನದ್ದು. 36 ಎಂದು ಬರೆದ ಪ್ಯಾಂಟಿನ ಸೊಂಟಪಟ್ಟಿಗೆ ಟೇಪು ಹಿಡಿದು ನೋಡಿ. ಒಂದೆರಡು ಇಂಚು ಹೆಚ್ಚೇ ಇರುವುದುಂಟು. ಗಿರಾಕಿಯ ಮನಸ್ಸು ನೋಯಬಾರದಲ್ಲ.

2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಜೋಡಿ ಚಿತ್ರವೊಂದು ಪ್ರಕಟವಾಯಿತು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್‌ಕಿನ್. ಎತ್ತರಕ್ಕೆ ತೂಕವನ್ನು ತಾಳೆ ಹಾಕುವ ಸೂಚ್ಯಂಕ ಇಬ್ಬರಿಗೂ 22.3. ಆದರೆ ಮೈಯೊಳಗಿನ ಕೊಬ್ಬು ಲಂಡನ್ನಿನವರಿಗೆ ಶೇ. 9.1, ನಮ್ಮವರಿಗೆ ಶೇ. 21.2. ನೋಡಲು ಸಣ್ಣ, ಒಳಗೆ ದಪ್ಪ. ನಮ್ಮ ಕಡೆಯ ಗಂಡಸರ ಆಕಾರವನ್ನು ಇದಕ್ಕಿಂತ ಮರ್ಯಾದೆಯಾಗಿ ಹೇಳಲಾಗದು. ಮರ್ಯಾದೆ ಬಿಟ್ಟು ಹೇಳುವುದಾದರೆ, ಎರಡು ಅಗರಬತ್ತಿಯ ಮೇಲೆ ಕೂರಿಸಿದ ಕುಂಬಳಕಾಯಿ. ಈ ಆಕಾರಕ್ಕೆ ಪ್ಯಾಂಟು ಹುಡುಕುವುದು ಎಂದಿಗೂ ಸುಲಭವಿರಲಿಲ್ಲ. ಸೊಂಟಕ್ಕೆ ಸರಿಯಾದದ್ದು ತೊಡೆಯಲ್ಲಿ ಗಾಳಿಪಟ. ತೊಡೆಗೆ ಸರಿಯಾದದ್ದಕ್ಕೆ ಗುಂಡಿ ಹಾಕಲು ಉಸಿರು ಬಿಗಿಹಿಡಿಯಬೇಕು.

ಇಂಥ ಮೈ ಇಳಿಯತೊಡಗಿದರೆ ಪ್ಯಾಂಟಿನ ಗತಿ ಏನು? ಬೆಳಗಿನ ಜಾವ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ನಡಿಗೆ, ಅನ್ನ ಅರ್ಧಕ್ಕೆ ಅರ್ಧ, ಮದುವೆ ಮನೆಗಳಲ್ಲಿ ಚಿರೋಟಿಯ ಎದುರು ಕೈ ಕಟ್ಟಿ ಕೂರುವ ತಪಸ್ಸು. ಒಂಬತ್ತು ತಿಂಗಳಲ್ಲಿ 84 ಕಿಲೋ 72ಕ್ಕೆ ಬಂತು. ಆದರೆ ಮೈ ನಮ್ಮ ಇಷ್ಟದಂತೆ ಇಳಿಯುವುದಿಲ್ಲ. ಮೊದಲು ಮುಖ ಸೊರಗಿತು. ದಾರಿಯಲ್ಲಿ ಸಿಕ್ಕವರು ದನಿ ತಗ್ಗಿಸಿ, ‘ಎಲ್ಲ ಕ್ಷೇಮ ತಾನೆ? ಶುಗರ್ ಏನಾದರೂ...?’ ಎಂದು ವಿಚಾರಿಸತೊಡಗಿದರು. ಆಮೇಲೆ ತೋಳು ಹೋಯಿತು. ಆಮೇಲೆ, ಮೊದಲೇ ಬಡವಾಗಿದ್ದ ಹಿಂಭಾಗ ಪೂರ್ತಿ ದಿವಾಳಿಯಾಯಿತು. ಹೊಟ್ಟೆ ಮಾತ್ರ ಹಳೆಯ ಬಾಡಿಗೆದಾರ. ನೋಟಿಸು ಕೊಟ್ಟು, ನೀರು ನಿಲ್ಲಿಸಿ, ಕಾಲು ಹಿಡಿದ ಮೇಲೆ ಎಲ್ಲರಿಗಿಂತ ಕೊನೆಗೆ ಹೊರಟ. ಈಗಲೂ ಒಂದು ಕೋಣೆಯಲ್ಲಿ ಅವನ ಸಾಮಾನಿದೆ.

ಹೀಗಾಗಿ ನಡುವಿನ ಕೆಲವು ತಿಂಗಳು ಪ್ಯಾಂಟು ಮುಂದೆ ಬಿಗಿ, ಹಿಂದೆ ಜೋಲು. ಸೈಕಲ್ಲಿನ ಸೀಟಿಗೆ ಹೊದಿಸಿದ ಪ್ಲಾಸ್ಟಿಕ್ ಚೀಲದಂತೆ ಹಿಂಬದಿಯ ಬಟ್ಟೆ ಗಾಳಿ ತುಂಬಿಕೊಂಡು ನನ್ನನ್ನು ಹಿಂಬಾಲಿಸುತ್ತಿತ್ತು. ಬೆಲ್ಟಿಗೆ ಮೊದಲ ಹೊಸ ತೂತನ್ನು ಚಪ್ಪಲಿ ಹೊಲಿಯುವವರ ಹತ್ತಿರ ಹಾಕಿಸಿದೆ. ಅವರು ಉಳಿದ ತೂತುಗಳ ಅಂತರ ನೋಡಿ, ಅಷ್ಟೇ ಅಂತರಕ್ಕೆ ಒತ್ತಿ ಕೊಟ್ಟರು. ಎರಡನೆಯದನ್ನು ನಾನೇ ಮನೆಯಲ್ಲಿ ಮೊಳೆ, ಸುತ್ತಿಗೆ ಹಿಡಿದು ಹೊಡೆದೆ. ಅದು ಸಾಲು ತಪ್ಪಿ ಮೇಲಕ್ಕೆ ಹೋಯಿತು. ಮೂರನೆಯದು ಕೆಳಕ್ಕೆ. ಉಳಿದ ಬಾಲ ಸೊಂಟವನ್ನು ಬಳಸಿ ಬೆನ್ನ ಹಿಂದಿನ ಲೂಪಿನವರೆಗೆ ಹೋಗುತ್ತಿತ್ತು. ಬೆಲ್ಟು ಬಿಗಿದಷ್ಟೂ ಸೊಂಟಪಟ್ಟಿಯ ಬಟ್ಟೆ ನೆರಿಗೆ ನೆರಿಗೆಯಾಗಿ, ಹೆಂಡತಿಯ ಪ್ರಕಾರ ನಾನು ಕಟ್ಟಿಟ್ಟ ರಾಗಿಮೂಟೆಯ ಹಾಗೆ ಕಾಣುತ್ತಿದ್ದೆ. ‘ಒಂದು ಹೊಸ ಪ್ಯಾಂಟು ತೆಗೆದುಕೊಳ್ಳಿ’ ಎಂದಳು.

ಅಲ್ಲಿದೆ ಸಂಕಟ. ಇಳಿಯುತ್ತಿರುವ ಮೈಗೆ ಯಾವ ಅಳತೆಯ ಪ್ಯಾಂಟು ಕೊಳ್ಳುವುದು? 36 ಕೊಂಡರೆ ಮುಂದಿನ ತಿಂಗಳಿಗೆ ದೊಡ್ಡದು. 34 ಕೊಂಡರೆ ಈ ತಿಂಗಳಿಗೆ ಚಿಕ್ಕದು, ಮೇಲಾಗಿ ದೇವರಿಗೆ ಸವಾಲು ಹಾಕಿದಂತೆ. ಏನೂ ಕೊಳ್ಳದಿದ್ದರೆ ಆರತಿಯ ತಟ್ಟೆ.

ಧೈರ್ಯ ಮಾಡಿ ದೇವರಾಜ ಅರಸು ರಸ್ತೆಯ ಅಂಗಡಿಯೊಂದಕ್ಕೆ ಹೋದೆ. ಮಾರಾಟದ ಹುಡುಗ ನನ್ನನ್ನು ಒಮ್ಮೆ ನೋಡಿ, ಸ್ಲಿಮ್, ಟೇಪರ್ಡ್, ರೆಗ್ಯುಲರ್, ರಿಲ್ಯಾಕ್ಸ್ಡ್ ಎಂದು ನಾಲ್ಕು ರಾಶಿ ಹಾಕಿದ. ಯಾವ ಪ್ಯಾಂಟು ಕೇಳಿದರೂ ಅವನ ಬಳಿ ಒಂದೇ ಉತ್ತರ: ‘ಸ್ಟ್ರೆಚ್ ಇದೆ ಸಾರ್, ಕೂತುಕೊಳ್ಳುತ್ತದೆ.’ ಒಂದು ಕಂಪನಿಯ 34 ಸಡಿಲವಾಯಿತು. ಇನ್ನೊಂದರ 36 ತೊಡೆಯಲ್ಲೇ ನಿಂತಿತು. ಬಟ್ಟೆ ಹಾಕಿ ನೋಡುವ ಕೋಣೆಯ ಮೂರು ಕಡೆ ಕನ್ನಡಿ. ನನ್ನ ಬೆನ್ನ ಹಿಂದೆ ಏನಾಗಿದೆ ಎಂಬುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಐವತ್ತು ದಾಟಿದವರಿಗೆ ಇಂಥ ಕೋಣೆಯಲ್ಲಿ ಕನ್ನಡಿ ಒಂದೇ ಸಾಕು.

ಈ ಸಂಖ್ಯೆಗಳೆಲ್ಲ ಯಾರ ಮೈ ನೋಡಿ ಮಾಡಿದವು ಎಂಬ ಪ್ರಶ್ನೆ ನನ್ನೊಬ್ಬನದಲ್ಲ. ಭಾರತೀಯರ ಮೈಗೆ ಭಾರತೀಯವೇ ಆದ ಅಳತೆಯ ಕೋಷ್ಟಕ ಇರಲೆಂದು, ಉಡುಪಿನ ವಿನ್ಯಾಸ ಕಲಿಸುವ ನಿಫ್ಟ್ ಸಂಸ್ಥೆ ‘ಇಂಡಿಯಾ ಸೈಜ್’ ಎಂಬ ಯೋಜನೆ ಕೈಗೆತ್ತಿಕೊಂಡಿತು. 15ರಿಂದ 65 ವರ್ಷದೊಳಗಿನ 25,000 ಮಂದಿಯ ಮೈಯನ್ನು ಯಂತ್ರದಲ್ಲಿ ಅಳೆಯುವ ಲೆಕ್ಕಾಚಾರ. ಆರಿಸಿಕೊಂಡ ನಗರಗಳು ಆರು: ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದ್, ಶಿಲ್ಲಾಂಗ್. ಬೆಂಗಳೂರೂ ಇಲ್ಲ, ಮೈಸೂರಂತೂ ಇಲ್ಲ. ಬಿಸಿಬೇಳೆಬಾತಿನಿಂದ ಬಂದ ಹೊಟ್ಟೆಗೂ ಪೊಂಗಲ್‌ನಿಂದ ಬಂದ ಹೊಟ್ಟೆಗೂ ವ್ಯತ್ಯಾಸವಿಲ್ಲ ಎಂದು ಯಾರು ನಿರ್ಧರಿಸಿದರೋ! ಕಾವೇರಿ ನೀರಿನ ಹಾಗೆ ಸೊಂಟದ ಅಳತೆಯನ್ನೂ ನಾವು ಚೆನ್ನೈಯೊಂದಿಗೆ ಹಂಚಿಕೊಳ್ಳಬೇಕು.

ಬರಿಗೈಯಲ್ಲಿ ಮನೆಗೆ ಬಂದೆ. ನಮ್ಮ ಷಡ್ಡಕ ಬಳ್ಳಾರಿಯಲ್ಲಿದ್ದಾರೆ. ಬಳ್ಳಾರಿಯೆಂದರೆ ಜೀನ್ಸಿನ ಊರು. ಬಂದಾಗಲೆಲ್ಲ ಹಣ್ಣಿನ ಬದಲು ಜೀನ್ಸ್ ತರುತ್ತಾರೆ. ಹಾಗೆ ಬಂದ ನಾಲ್ಕೈದು ಬೀರುವಿನಲ್ಲಿದ್ದವು, ಎಲ್ಲ ದೊಡ್ಡವು. ಅವುಗಳನ್ನೂ ಹಳೆಯ ಟೆರಿಕಾಟ್ ಪ್ಯಾಂಟುಗಳನ್ನೂ ಚೀಲಕ್ಕೆ ತುಂಬಿ ಅಗ್ರಹಾರದ ನಮ್ಮ ಟೇಲರ್ ಹತ್ತಿರ ಹೋದೆ.

ಅವರು ನನ್ನ ಮದುವೆಯ ಪ್ಯಾಂಟು ಹೊಲಿದವರು. ಗೋಡೆಗೊರಗಿದ ಹಲಗೆಯ ಮೇಲೆ ಜೀನ್ಸನ್ನು ಮಗುಚಿ ಹಾಕಿ, ಹಿಂಬದಿಯ ದಪ್ಪ ಹಳದಿ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ, ‘ಇದಕ್ಕೆ ಕ್ಷಮೆ ಇಲ್ಲ ಸ್ವಾಮಿ’ ಎಂದರು. ಜೀನ್ಸಿನ ಸೊಂಟಪಟ್ಟಿ ಒಂದೇ ಉದ್ದನೆಯ ತುಂಡು, ಹಿಂದೆ ಕೂಡು ಹೊಲಿಗೆಯಿಲ್ಲ. ಕೆಳಗಿನ ಅಂಚುಗಳನ್ನು ಒಂದರೊಳಗೊಂದು ಮಡಚಿ ಹೊಲಿದುಬಿಟ್ಟಿರುತ್ತಾರೆ, ಬಿಡಿಸಲು ಒಳಗೆ ಬಟ್ಟೆಯೇ ಇರುವುದಿಲ್ಲ. ಆಮೇಲೆ ಟೆರಿಕಾಟಿನದನ್ನು ತೆಗೆದುಕೊಂಡು ಒಳಮಗ್ಗಲು ತಿರುಗಿಸಿದರು. ಇದರ ಸೊಂಟಪಟ್ಟಿ ಬೆನ್ನಿನ ನಡುವೆ ಎರಡು ಭಾಗವಾಗಿತ್ತು. ಅಲ್ಲಿಂದ ಸೀಟಿನ ಕೆಳಗಿನವರೆಗೆ ಎರಡು ಬೆರಳು ಅಗಲದ ಬಟ್ಟೆ, ಅಂಚಿಗೆ ಬಿಳಿ ದಾರದ ಓಟ. ‘ಇದು ಮಾರ್ಜಿನ್. ನೀವು ದಪ್ಪಗಾಗುತ್ತೀರಿ ಎಂದು ಹೊಲಿಯುವ ದಿನವೇ ನನಗೆ ಗೊತ್ತಿರುತ್ತದೆ’ ಎಂದರು. ನನ್ನ ಭವಿಷ್ಯವನ್ನು ಅಷ್ಟು ವರ್ಷ ನಾನೇ ಮೈಮೇಲೆ ಹೊತ್ತು ತಿರುಗಿದ್ದೆ.

ಜೀನ್ಸಿನ ವಿಷಯದಲ್ಲಿ ಒಂದು ಮಾತು ಹೇಳಬೇಕು. ಅದಕ್ಕೂ ಒಮ್ಮೆ ಕ್ಷಮಾಗುಣ ಇತ್ತು. ಅಮೆರಿಕದ ನೆವಾಡಾದ ರೀನೋ ಊರಿನ ಟೇಲರ್ ಜೇಕಬ್ ಡೇವಿಸ್, ದುಡಿಮೆಗಾರರ ಪ್ಯಾಂಟಿನ ಜೇಬಿನ ಮೂಲೆ ಹರಿಯದಂತೆ ತಾಮ್ರದ ರಿವೆಟ್ ಹೊಡೆದ. ಬಟ್ಟೆಯ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಪೇಟೆಂಟ್ ಪಡೆದ. ಆ ಕಾಲದ ಪ್ಯಾಂಟಿನ ಹಿಂಬದಿಯಲ್ಲಿ, ಸೊಂಟದ ಕೆಳಗೆ, ಬಿಗಿ ಮಾಡುವ ಒಂದು ಪಟ್ಟಿ ಮತ್ತು ಬಕಲ್ ಇರುತ್ತಿದ್ದವು. ಉಣ್ಣುವ ದಿನ ಸಡಿಲಿಸು, ಉಪವಾಸದ ದಿನ ಎಳೆದುಕೋ. ಬೆಲ್ಟಿನ ಲೂಪುಗಳು ಬಂದದ್ದು 1922ರಲ್ಲಿ. ಆಮೇಲೆ ಆ ಹಿಂದಿನ ಪಟ್ಟಿ ಕಾಣೆಯಾಯಿತು. ಜಗತ್ತಿನಲ್ಲಿ ಒಳ್ಳೆಯದೆಲ್ಲ ಹೀಗೇ ಹೋಗುತ್ತದೆ ಎಂದು ಗೊಣಗುವ ವಯಸ್ಸು ನನಗೆ ಬಂದಿದೆ.

‘ಎಷ್ಟು ಹಿಡಿಯಬೇಕು?’ ಎಂದರು ಟೇಲರ್. ‘ನಾಲ್ಕು ಇಂಚು’ ಎಂದೆ, ಸ್ವಲ್ಪ ಗರ್ವದಿಂದಲೇ. ಅವರು ಪ್ಯಾಂಟಿನ ಹಿಂಬದಿಯನ್ನು ನಾಲ್ಕು ಇಂಚು ಚಿವುಟಿ ಹಿಡಿದು ತೋರಿಸಿದರು. ಎರಡು ಹಿಂಜೇಬುಗಳು ಗುಟ್ಟು ಮಾತಾಡುವ ಬೀಗಿತ್ತಿಯರಂತೆ ಒಂದಕ್ಕೊಂದು ಒತ್ತಿ ಕುಳಿತವು. ‘ಎರಡು ಇಂಚು ಹಿಂದೆ ಹಿಡಿಯಬಹುದು. ಅದಕ್ಕೂ ಹೆಚ್ಚೆಂದರೆ ಪಕ್ಕ ಬಿಚ್ಚಬೇಕು, ಪಕ್ಕದಲ್ಲಿ ಜೇಬಿದೆ, ಜೇಬು ಬಿಚ್ಚಬೇಕು. ಅದಕ್ಕಿಂತ ಹೊಸದು ಸಲೀಸು. ಆದರೆ ಈಗಲೇ ಹೊಲಿಸಬೇಡಿ. ಇಳಿಯುವುದು ನಿಲ್ಲಲಿ.’ ಮದುವೆಗೆ ಮುಂಚೆ ಹಿಡಿಸಿಕೊಂಡು ಹೋದ ಹುಡುಗರೆಲ್ಲ ವರ್ಷದೊಳಗೆ ಬಿಡಿಸಲು ಬರುತ್ತಾರೆ ಎಂದೂ ಸೇರಿಸಿದರು. ಒಂದೇ ಒಂದು ಪ್ಯಾಂಟು ಹಿಡಿಯುವುದೆಂದು ತೀರ್ಮಾನವಾಯಿತು.

ಅಳತೆಗೆ ನಿಂತೆ. ಅಭ್ಯಾಸಬಲದಿಂದ ಪ್ಯಾಂಟನ್ನು ಹೊಟ್ಟೆಯ ಕೆಳಗೆ ತಳ್ಳಿಕೊಂಡೆ. ಅವರು ಎರಡು ಕಡೆಯ ಲೂಪಿಗೆ ಬೆರಳು ಹಾಕಿ, ಶಾಲೆಗೆ ಹೊರಟ ಹುಡುಗನ ಚಡ್ಡಿ ಎಳೆದಂತೆ ಒಂದೇ ಸಲಕ್ಕೆ ಹೊಕ್ಕುಳಿನವರೆಗೆ ಎಳೆದರು. ‘ಇಲ್ಲಿ ನಿಲ್ಲಬೇಕು. ಹೊಟ್ಟೆ ಒಳಗೆ ಹೋಯಿತಲ್ಲ, ಇನ್ನೂ ಯಾಕೆ ಕೆಳಗೆ ಬಚ್ಚಿಡುತ್ತೀರಿ?’ ಹಿಂದಿನ ಜೋಲು ಅರ್ಧ ಹಾಗೆಯೇ ಮಾಯವಾಯಿತು. ‘ಬಾಟಮ್ ತೀರ ಕಿರಿದು ಬೇಡ. ಕಾಲು ಸಣ್ಣಗಿರುವವರು ಕಿರಿದು ಹಾಕಿದರೆ ಹೊಟ್ಟೆ ಎದ್ದು ಕಾಣುತ್ತದೆ. ನೇರವಾಗಿ ಬೀಳಲಿ’ ಎಂದು ಮಂಡಿಯ ಹತ್ತಿರ ಚಾಕಿನಲ್ಲಿ ಗೆರೆ ಎಳೆದರು. ಮೂರು ಕನ್ನಡಿ, ನಾಲ್ಕು ರಾಶಿ ಹೇಳದ್ದನ್ನು ಆ ಗೆರೆ ಹೇಳಿತು. ನನ್ನ ಮಟ್ಟಿಗೆ ಇಳಿಯುವವರಿಗೆ ಕೊಡಬಹುದಾದ ಪ್ಯಾಂಟಿನ ಸಲಹೆ ಇಷ್ಟೇ: ಮೊದಲು ಮೇಲಕ್ಕೆಳೆದು ನೋಡಿ, ಆಮೇಲೆ ದುಡ್ಡು ಬಿಚ್ಚಿ.

‘ಹಿಡಿದ ಬಟ್ಟೆ ಕತ್ತರಿಸಲೇ, ಒಳಗೇ ಬಿಡಲೇ?’ ಎಂದು ಕೇಳಿದರು.

ಅಂಗಡಿಯಲ್ಲಿ ಇನ್ನಿಬ್ಬರಿದ್ದರು. ‘ಕತ್ತರಿಸಿಬಿಡಿ’ ಎಂದೆ, ಎಲ್ಲರಿಗೂ ಕೇಳುವಂತೆ. ಅವರು ಕನ್ನಡಕದ ಮೇಲಿನಿಂದ ನೋಡಿ ‘ಆಗಲಿ’ ಎಂದರು. ಮೂರು ದಿನ ಬಿಟ್ಟು ಮನೆಗೆ ತಂದು ಒಳಮಗ್ಗಲು ತಿರುಗಿಸಿದೆ. ಕತ್ತರಿಸಿರಲಿಲ್ಲ. ಎರಡು ಬೆರಳಿದ್ದದ್ದು ಮೂರು ಬೆರಳಾಗಿ, ಇಸ್ತ್ರಿ ಹಾಕಿ, ಎರಡು ಬದಿಗೂ ಮಲಗಿಸಿತ್ತು. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ನಮ್ಮ ತಂದೆಗೆ ಈ ಯಾವ ತಾಪತ್ರಯವೂ ಇರಲಿಲ್ಲ. ಜೀವನಪರ್ಯಂತ ಪಂಚೆ. ಅವರು ದಪ್ಪಗಾದಾಗ ಪಂಚೆಯ ನೆರಿಗೆ ಎರಡು ಕಡಿಮೆಯಾಗುತ್ತಿತ್ತು, ಸಣ್ಣಗಾದಾಗ ಎರಡು ಹೆಚ್ಚುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಪ್ಯಾಂಟು ಇದ್ದಷ್ಟು ಹೊಟ್ಟೆ ಬಿಡು ಎನ್ನದಿರುವುದಕ್ಕೆ ಇದೇ ಕಾರಣ.

ಉಳಿದ ದೊಡ್ಡ ಪ್ಯಾಂಟುಗಳನ್ನು ನಾನು ಇಟ್ಟುಕೊಳ್ಳೋಣವೆಂದೆ. ಹೆಂಡತಿ, ‘ಯಾರು ಬರುತ್ತಾರೆಂದು?’ ಎಂದಳು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬಂದಾಗ ಐದನ್ನೂ ಜಗಲಿಯ ಮೇಲೆ ಹಾಕಿದಳು. ಆಕೆ ಒಂದೊಂದನ್ನೂ ಬೆಳಕಿಗೆ ಹಿಡಿದು, ಜಿಪ್ಪು ಎಳೆದು, ಮಂಡಿಯಲ್ಲಿ ಸವೆದಿದೆಯೇ ಎಂದು ಉಜ್ಜಿ, ‘ಇಷ್ಟು ಚೆನ್ನಾಗಿರುವುದನ್ನು ಯಾಕಮ್ಮ ಹಾಕುತ್ತೀರಿ?’ ಎಂದು ಕೇಳಿದಳು. ‘ಇವರು ಇಳಿದಿದ್ದಾರೆ.’ ಆಕೆ ನನ್ನ ಕಡೆ ತಿರುಗಿ ಮರುಕದಿಂದ ನೋಡಿದಳು. ಒಂದು ಗಂಟೆ ಚೌಕಾಸಿ ನಡೆಯಿತು. ಹೆಂಡತಿ ಕೊಳಗ ಕೇಳಿದಳು, ಆಕೆ ಲೋಟ ತೋರಿಸಿದಳು. ಕೊನೆಗೆ ಮುಚ್ಚಳವಿರುವ ಎರಡು ಸೇರಿನ ಡಬ್ಬಿಗೆ ಇತ್ಯರ್ಥವಾಯಿತು.

ಡಬ್ಬಿ ಖಾಲಿ ಇರಬಾರದೆಂದು ಆ ಸಂಜೆಯೇ ಅದಕ್ಕೆ ಕೋಡುಬಳೆ ತುಂಬಿತು. ನನ್ನ ಕೈಗೆ ಸುಲಭವಾಗಿ ಸಿಗದಿರಲಿ ಎಂದು ಅಡುಗೆಮನೆಯ ಅಟ್ಟಕ್ಕೂ ಏರಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ತುದಿಗಾಲಲ್ಲಿ ನಿಂತು ಎರಡೂ ಕೈ ಮೇಲೆ ಚಾಚಿದೆ. ಬೆಲ್ಟು ಕಟ್ಟಿರಲಿಲ್ಲ. ಪ್ಯಾಂಟು ಇದ್ದಲ್ಲೇ ನಿಂತಿತು.