ಕಲೆ ಕಾಣುವವರೆಗೂ ಕಾಯಬೇಕಾ?

ಮಕ್ಕಳ ಮೈಮೇಲಿನ ಹೊಡೆತದ ಗುರುತು ಪತ್ತೆಹಚ್ಚಲು ವೈದ್ಯರಿಗೆ ತರಬೇತಿ ಬೇಕು ಅಂತ ಮಕ್ಕಳ ಮೇಲಿನ ಹಿಂಸೆ ಕುರಿತ ಲೇಖನವೊಂದು ಹೇಳುತ್ತದೆ. ಸರಿಯೇ. ಇನ್ನೂ ಅಂಬೆಗಾಲಿಡದ ಕೂಸಿನ ಕಿವಿ, ಕುತ್ತಿಗೆ ಕಂದಿದ್ದರೆ ‘ಎಲ್ಲೋ ಬಿದ್ದಿರಬೇಕು’ ಅಂತ ಸುಮ್ನೆ ಬಿಡುವಂತಿಲ್ಲ. ಆದರೆ ಅಷ್ಟೊತ್ತಿಗೆ ತಡವಾಗಿರುತ್ತದೆ, ಅಲ್ವಾ?

ಲಸಿಕೆಗೆ ಬಂದಾಗಲೇ ‘ರಾತ್ರಿ ನಿದ್ದೆ ಆಗುತ್ತಿದೆಯಾ, ಮನೆಯಲ್ಲಿ ಯಾರಾದರೂ ಕೈಜೋಡಿಸುತ್ತಾರಾ’ ಅಂತ ನರ್ಸ್ ತಾಯಿಯನ್ನು ಕೇಳಬಹುದು. ಎರಡನೇ ತಿಂಗಳ ಹೊತ್ತಿಗೆ ಮಗುವಿನ ಅಳು ಜಾಸ್ತಿ. ಸಿಟ್ಟಿನಲ್ಲಿ ಜೋರಾಗಿ ಅಲುಗಾಡಿಸಿಬಿಟ್ಟರೆ ಮಿದುಳಿಗೇ ಪೆಟ್ಟು. ತಾಳ್ಮೆ ತಪ್ಪಿದರೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಸ್ವಲ್ಪ ಹೊತ್ತು ಆಚೆ ಹೋಗಿ ಅಂತ ಮೊದಲೇ ಹೇಳಿಕೊಡಬೇಕು (ಅಪ್ಪಂದಿರಿಗೂ!).

ಇಂಥ ಕ್ರಮಗಳಿಂದ ಹಿಂಸೆ ತಪ್ಪುತ್ತದೆ ಅನ್ನಲು ಪುರಾವೆ ಸಾಲದು ಅಂತ ಅಮೆರಿಕದ ತಜ್ಞರ ಕಾರ್ಯಪಡೆ 2024ರಲ್ಲಿ ಹೇಳಿದ್ದು ನಿಜ. ಹಾಗಂತ ಕೇಳುವುದನ್ನೇ ಬಿಡೋಕಾಗುತ್ತಾ? ಕೇಳಿದ ಮೇಲೆ, ಕಷ್ಟ ಹೇಳಿಕೊಂಡವರನ್ನು ಕಳಿಸಲು ಒಬ್ಬ ಆಪ್ತಸಮಾಲೋಚಕರು ಬೇಕು. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.