ಸೂತ್ರದ ಫೋಟೊ ಅಂಟಿಸಬೇಡಿ, ಟೈಪ್ ಮಾಡಿ

ಪರೀಕ್ಷೆ ಹತ್ತಿರ ಬಂತೆಂದರೆ ಗಣಿತ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಪ್ರಶ್ನೆಪತ್ರಿಕೆಗಳು ಓಡಾಡುತ್ತವೆ. ಕನ್ನಡವೆಲ್ಲ ನೀಟಾಗಿ ಟೈಪ್ ಆಗಿರುತ್ತದೆ. ಸೂತ್ರ ಇರಬೇಕಾದ ಜಾಗದಲ್ಲಿ ಮಾತ್ರ ಪುಸ್ತಕದಿಂದ ತೆಗೆದ ಮಸುಕು ಫೋಟೊ! ಅದೂ ಇಲ್ಲದಿದ್ದರೆ 2³ × 5 ಅನ್ನುವುದು ಕಾಪಿ-ಪೇಸ್ಟ್‌ನಲ್ಲಿ 23 × 5 ಆಗಿರುತ್ತದೆ. ಉತ್ತರ 40 ಬರಬೇಕಾದಲ್ಲಿ ಮಕ್ಕಳು 115 ಬರೆದರೆ ತಪ್ಪು ಯಾರದ್ದು?

ಟೈಪ್ ಮಾಡುವುದು ಕಷ್ಟ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ವಿಂಡೋಸ್‌ನಲ್ಲಿ ವರ್ಡ್ ತೆರೆದು, ಆಲ್ಟ್ ಹಿಡಿದು ಈಕ್ವಲ್ ಕೀ ಒತ್ತಿ. ಸೂತ್ರದ ಪೆಟ್ಟಿಗೆ ಬರುತ್ತದೆ. ಅದರಲ್ಲಿ 3+5/2 ಎಂದು ಒತ್ತಿ ಸ್ಪೇಸ್ ಕೊಟ್ಟರೆ 5 ಮಾತ್ರ ಗೆರೆಯ ಮೇಲೆ ಹೋಗುತ್ತದೆ, ಬೆಲೆ 5.5. (3+5)/2 ಎಂದು ಒತ್ತಿದರೆ ಇಡೀ 3+5 ಮೇಲೆ ಕೂರುತ್ತದೆ, ಆವರಣ ತಾನಾಗಿಯೇ ಮಾಯವಾಗುತ್ತದೆ, ಬೆಲೆ 4. ಭಿನ್ನರಾಶಿಯ ಅಂಶ ಎಲ್ಲಿಗೆ ಮುಗಿಯುತ್ತದೆ ಅನ್ನುವುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಲ್ಯಾಬಿನಲ್ಲಿ ಅವರ ಕೈಯಲ್ಲೇ ಮಾಡಿಸಿ ನೋಡಿ.

ಸೂತ್ರದ ನಡುವೆ ತ್ರಿಜ್ಯ, ಎತ್ತರ ಅಂತ ಕನ್ನಡ ಪದ ಬೇಕಾದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ವಿಂಡೋಸ್ ಬದಲು ಉಬುಂಟು ಇರುವ ಕಡೆ ಸೂತ್ರ ಬರೆಯಲು ಲಿಬ್ರೆ ಆಫೀಸ್‌ನ ಮ್ಯಾಥ್ ಇದೆ, ಅದು ಉಚಿತ.

ಇನ್ನೊಂದು ವಿಷಯ. ಹಳೇ ಫೈಲುಗಳಲ್ಲಿರುವ ಸೂತ್ರಗಳನ್ನು ತಿದ್ದಲು ಆಗುತ್ತಿಲ್ಲ ಅಂತ ಕೇಳುವವರಿದ್ದಾರೆ. ವರ್ಡ್‌ನ ಹಳೆಯ ಈಕ್ವೇಶನ್ ಎಡಿಟರ್ ಅನ್ನು ಭದ್ರತೆಯ ತೊಂದರೆಯಿಂದ 2018ರ ಜನವರಿಯಲ್ಲಿ ತೆಗೆದುಹಾಕಿದರು, ಅದಕ್ಕೇ ಹಾಗೆ. ಮುಖ್ಯವಾದವನ್ನು ಈಗಲೇ ಹೊಸದರಲ್ಲಿ ಟೈಪ್ ಮಾಡಿಟ್ಟುಕೊಳ್ಳಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಕಣ್ಣು ಕಾಣದ ಮಕ್ಕಳನ್ನು ನೆನೆದಾಗ. ಅವರು ಸ್ಕ್ರೀನ್ ರೀಡರ್, ಅಂದರೆ ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಇಟ್ಟುಕೊಂಡು ಓದುತ್ತಾರೆ. ಫೋಟೊದಲ್ಲಿರುವ ಭಿನ್ನರಾಶಿ ಎದುರಾದರೆ ಅದು "ಚಿತ್ರ" ಅಂದು ಮುಂದೆ ಹೋಗಬಹುದು, ಅಷ್ಟೇ. ಟೈಪ್ ಮಾಡಿದ ಸೂತ್ರವಾದರೆ, ಗಣಿತ ಓದುವ ಸೌಲಭ್ಯ ಇರುವ ಸ್ಕ್ರೀನ್ ರೀಡರ್ ಅಂಶ, ಛೇದ, ಘಾತ ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ಆ ಮಗುವೂ ಲೆಕ್ಕ ಮಾಡಬೇಕಲ್ವಾ?

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದ ಅಚ್ಚಿನ ಕರಡು ನೋಡಿ, ಗಣಿತ ಅಂದಗೆಟ್ಟು ಬಂದಿದೆ ಎಂದು ನೊಂದು 1977ರಲ್ಲಿ ಗಣಿತವನ್ನು ಅಂದವಾಗಿ ಅಚ್ಚಿಗೆ ಜೋಡಿಸುವ ಟೆಕ್ (TeX) ಎಂಬ ತಂತ್ರಾಂಶ ಕಟ್ಟಲು ಕೂತರು. ಅಷ್ಟು ದೊಡ್ಡ ಕೆಲಸ ನಮ್ಮಿಂದ ಯಾರೂ ಕೇಳುತ್ತಿಲ್ಲ. ಶಿಕ್ಷಕರ ಕಂಪ್ಯೂಟರ್ ತರಬೇತಿ ನಡೆಸುವವರು ಸ್ಲೈಡ್ ಮಾಡುವುದರ ಜೊತೆಗೆ ಇದಕ್ಕೂ ಅರ್ಧ ಗಂಟೆ ಕೊಡಲಿ. ಈಗಾಗಲೇ ಗೊತ್ತಿರುವವರು ಸ್ಟಾಫ್ ರೂಮಿನಲ್ಲಿ ಪಕ್ಕದವರಿಗೆ ಹೇಳಿಕೊಡಿ.