ಹಿತ್ತಾಳೆ ಪಟ್ಟಿಯಲ್ಲಿ ಇಲ್ಲದ ಹೆಸರುಗಳು

ಮೊನ್ನೆ ಮಲೆನಾಡಿನ ಒಂದು ಹಳೇ ಎಸ್ಟೇಟ್ ಬಂಗಲೆಯಲ್ಲಿ ಉಳಿದಿದ್ದೆವು. ಊಟದ ಕೋಣೆಯ ಗೋಡೆ ಮೇಲೆ ಹುಲಿಯ ತಲೆ. ಗಾಜಿನ ಕಣ್ಣು ಬಿಟ್ಟುಕೊಂಡು ನಮ್ಮ ಅಕ್ಕಿರೊಟ್ಟಿಯನ್ನೇ ನೋಡುತ್ತಿತ್ತು. ಕೆಳಗೊಂದು ಹಿತ್ತಾಳೆ ಪಟ್ಟಿ, ಅದರಲ್ಲಿ ಹೊಡೆದ ಬ್ರಿಟಿಷ್ ದೊರೆಯ ಹೆಸರು, ಇಸವಿ. "ಆಗಿನವರ ಧೈರ್ಯ ನೋಡು ಮಾರಾಯ" ಅಂದ ಗೆಳೆಯ. ನನಗೆ ಉರಿದುಹೋಯಿತು.

ಯಾರ ಧೈರ್ಯ? ದೊರೆ ಮರದ ಮೇಲೆ ಅಟ್ಟಣಿಗೆ ಕಟ್ಟಿಸಿಕೊಂಡು ಕೋವಿ ಹಿಡಿದು ಕೂತಿರುತ್ತಿದ್ದ. ತಮಟೆ, ಡಬ್ಬ ಬಡಿಯುತ್ತಾ, ಕೂಗು ಹಾಕುತ್ತಾ, ಒಂದು ದೊಣ್ಣೆ ಬಿಟ್ಟರೆ ಕೈಯಲ್ಲಿ ಏನೂ ಇಲ್ಲದೆ ಹಳು ನುಗ್ಗಿ ಹುಲಿಯನ್ನು ಅವನ ಕೋವಿಯ ಮುಂದಕ್ಕೆ ಅಟ್ಟಿಕೊಂಡು ಬರುತ್ತಿದ್ದವರು ಹಳ್ಳಿಯವರು. ಗುರಿ ತಪ್ಪಿ ಗಾಯವಾದ ಹುಲಿ ತಿರುಗಿ ಬಿದ್ದರೆ ಮೊದಲು ಸಿಗುವವರೂ ಅವರೇ.

ಅದೇ ಜನ ತಮ್ಮ ಪಾಡಿಗೆ ಉರುಳು ಹಿಡಿದು ಕಾಡಿಗೆ ಹೋದರೆ ಕೇಸು! 1864ರಲ್ಲಿ ಅರಣ್ಯ ಇಲಾಖೆ ಬಂತು, ಮರುವರ್ಷವೇ ಮೊದಲ ಕಾಯ್ದೆ. 1878ರದ್ದು ಇನ್ನೂ ಬಿಗಿ. ರಿಸರ್ವ್ ಅಂತ ಗೆರೆ ಎಳೆದ ಕಾಡಿನಲ್ಲಿ ದನ ಮೇಯಿಸುವುದು, ಸೌದೆ ತರುವುದು, ಬೇಟೆ, ಎಲ್ಲಕ್ಕೂ ಸರ್ಕಾರದ ಅಪ್ಪಣೆ ಬೇಕು. ಕಾಡಿನ ಮೇಲಿನ ಪ್ರೀತಿಗೆ ಮಾಡಿದ್ದು ಅಂದುಕೊಳ್ಳಬೇಡಿ, ರೈಲು ಹಳಿಯ ಕೆಳಗೆ ಹಾಕೋಕೆ ಮರ ಬೇಕಿತ್ತು, ಅಷ್ಟೇ. ಉತ್ತರ ಕನ್ನಡದಲ್ಲಿ ಕಾಡು ಕಡಿದು ಸುಟ್ಟು ಬಿತ್ತುವ ಕುಮ್ರಿ ಬೇಸಾಯಕ್ಕೂ ಕಲ್ಲು ಬಿತ್ತು. 1930ರಲ್ಲಿ ಶಿರಸಿ, ಸಿದ್ದಾಪುರ, ಅಂಕೋಲೆಯ ಜನ ಅರಣ್ಯ ಸತ್ಯಾಗ್ರಹಕ್ಕೆ ಇಳಿದದ್ದು ಸುಮ್ನೆ ಅಲ್ಲ.

ನೀಲಗಿರಿಯಲ್ಲಂತೂ 1879ರಲ್ಲೇ ಬೇಟೆಯ ಪ್ರಾಣಿ ಮತ್ತು ಮೀನು ಉಳಿಸೋಕೆ ಬೇರೆ ಕಾಯ್ದೆ ಬಂತು. ಯಾರಿಗಾಗಿ ಉಳಿಸೋದು? ಲೈಸೆನ್ಸ್ ಇರುವ ಸಾಹೇಬರಿಗೆ ಹೊಡೆಯೋಕೆ ಪ್ರಾಣಿ ಸಾಲದೆ ಹೋಗಬಾರದಲ್ವಾ!

ಹುಲಿಗೆ ಆ ಭಾಗ್ಯವೂ ಇರಲಿಲ್ಲ. ಅದು ಪೀಡೆ, ಕೊಂದವರಿಗೆ ಇನಾಮು. 1875ರಿಂದ 1925ರವರೆಗೆ 80,000ಕ್ಕೂ ಜಾಸ್ತಿ ಹುಲಿ ಸತ್ತವು ಅನ್ನುವುದು ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕ. ಇಷ್ಟು ತಲೆ, ಚರ್ಮಕ್ಕೆ ಹದ ಹಾಕೋಕೆ ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ ಪುರುಸೊತ್ತೇ ಇರಲಿಲ್ಲವೇನೋ.

ನಮ್ಮವರು ಬೇಟೆ ಆಡುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮಜ್ಜನ ಕೋವಿ ಅಟ್ಟದ ಮೇಲೆ ಬಹಳ ವರ್ಷ ಇತ್ತು. ಮಹಾರಾಜರುಗಳೂ ಕಡಿಮೆಯವರಲ್ಲ, ವೈಸರಾಯ್‌ಗಳನ್ನು ಕರೆಸಿ ಬೇಟೆ ಆಡಿಸಿದವರೇ. ಆದರೆ ಕೊಡಗಿನಲ್ಲಿ ಹುಲಿ ಕೊಂದವನಿಗೆ ನರಿ ಮಂಗಲ ಅಂತ ಮದುವೆಯ ಹಾಗೇ ಶಾಸ್ತ್ರ ಮಾಡುತ್ತಿದ್ದರು (ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ). ಒಂದು ಹುಲಿ ಅಂದರೆ ಅಷ್ಟು ದೊಡ್ಡ ಸಂಗತಿ. 1911ರಲ್ಲಿ ದೆಹಲಿ ದರ್ಬಾರು ಮುಗಿಸಿ ನೇಪಾಳಕ್ಕೆ ಹೋದ ಐದನೇ ಜಾರ್ಜ್ ದೊರೆಯ ಬೇಟೆಯಲ್ಲಿ ಸತ್ತದ್ದು 39 ಹುಲಿ, 18 ಖಡ್ಗಮೃಗ. ಎರಡನ್ನೂ ಬೇಟೆ ಅಂತ ಒಂದೇ ಹೆಸರಿನಿಂದ ಕರೆಯೋಕೆ ನನಗೆ ಮನಸ್ಸು ಬರುವುದಿಲ್ಲ.

ಬೆಳಿಗ್ಗೆ ಕಾಫಿ ತಂದ ಬಂಗಲೆಯ ಅಜ್ಜನನ್ನು ಆ ಹುಲಿ ಬಗ್ಗೆ ಕೇಳಿದೆ. ಅವರ ಅಜ್ಜನೂ ಹಳು ನುಗ್ಗೋಕೆ ಹೋಗುತ್ತಿದ್ದರಂತೆ. ದೊರೆಯ ವಿಷಯ ಏನಾದರೂ ಹೇಳುತ್ತಿದ್ದರಾ ಅಂದೆ.

"ದೊರೆ ವಿಷಯ ಏನಿಲ್ಲ ಸಾರ್. ಅದೇ ಕಾಡಿಂದ ಸೌದೆ ತಂದ್ರು ಅಂತ ಒಂದ್ಸಲ ಗಾರ್ಡು ಕತ್ತಿ ಕಿತ್ಕೊಂಡಿದ್ನಂತೆ. ಆ ಕತ್ತಿ ವಾಪಸ್ ಬರ್ಲೇ ಇಲ್ಲ ಅಂತ ಸಾಯೋವರ್ಗೂ ಬೈತಿದ್ರು."